ಬಣ್ಣ ಎಲ್ಲಿ ಹಚ್ಚಬಾರದು? ಮನೆಯಲ್ಲೇ ಕ್ಯಾಲಿಪರ್, ಆಲ್ಟರ್ನೇಟರ್ ಬಿಚ್ಚುವವರಿಗೆ ಸೂತ್ರಗಳು

ಹತ್ತು ಹದಿನೈದು ವರ್ಷ ಓಡಿದ ಆಲ್ಟೊ, ಝೆನ್ ಅಥವಾ ಸ್ಯಾಂಟ್ರೊದ ಮುಂದಿನ ಚಕ್ರ ಬಿಚ್ಚಿ ನೋಡಿ. ಡಿಸ್ಕನ್ನು ಕಚ್ಚಿಕೊಂಡು ಕೂತಿರುವ, ತುಕ್ಕು ಹಿಡಿದು ಕೆಂಪು ಮಣ್ಣಿನ ಹೆಂಟೆಯಂತಾದ ಎರಕದ ತುಂಡೇ ಕ್ಯಾಲಿಪರ್. ಬಾನೆಟ್ ಎತ್ತಿದರೆ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುವ, ಎಣ್ಣೆ ಧೂಳು ಮೆತ್ತಿದ ಅಲ್ಯುಮಿನಿಯಂ ಉಂಡೆ ಆಲ್ಟರ್ನೇಟರ್. ಎರಡನ್ನೂ ಮನೆಯ ಶೆಡ್ಡಿನಲ್ಲೇ ಬಿಚ್ಚಿ, ತೊಳೆದು, ಮತ್ತೆ ಕೆಲಸಕ್ಕೆ ಹಚ್ಚಬಹುದು. ತೊಂದರೆ ಏನೆಂದರೆ, ಕೆಂಪು ಬಣ್ಣದ ಸ್ಪ್ರೇ ಡಬ್ಬಿ ಕೊಳ್ಳುವಾಗ ಇರುವ ಉಮೇದು ರಬ್ಬರ್ ಕಿಟ್ ಕೊಳ್ಳುವಾಗ ಇರುವುದಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂಬುದು ಬೇರೆ ಕಡೆ ನಡೆದೀತು, ಬ್ರೇಕಿನಲ್ಲಿ ನಡೆಯದು.

1. ಬಿಚ್ಚುವ ಮೊದಲೇ ದೋಷ ಯಾವುದೆಂದು ತಿಳಿದುಕೊಳ್ಳಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರಗಳ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿರಬಹುದು. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪಗೇ ಉಳಿದಿದ್ದರೆ ಪಿನ್ನಿನ ಮೇಲೆ ಮೊದಲ ಅನುಮಾನ. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬಿಚ್ಚಿ ಹರಡಿದ ಮೇಲೆ ಈ ಯಾವ ಸಾಕ್ಷಿಯೂ ಸಿಗುವುದಿಲ್ಲ.

2. ಜ್ಯಾಕನ್ನು ನಂಬಬೇಡಿ. ಜ್ಯಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕೆ ಸ್ಟ್ಯಾಂಡ್. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ನೆಲ ಸಮವಿರಲಿ. ಇಟ್ಟಿಗೆ, ಹಾಲೋ ಬ್ಲಾಕ್ ಪೇರಿಸಿ ಕಾರು ನಿಲ್ಲಿಸುವವರನ್ನು ಕಂಡಿದ್ದೇನೆ. ಹಾಲೋ ಬ್ಲಾಕ್ ಬಿರುಕು ಬಿಡುವ ಮೊದಲು ಸದ್ದು ಮಾಡುವುದಿಲ್ಲ.

3. ಒಂದು ಪಕ್ಕ ಮುಗಿಯುವವರೆಗೆ ಇನ್ನೊಂದು ಪಕ್ಕಕ್ಕೆ ಕೈ ಹಾಕಬೇಡಿ. ಸಂಶಯ ಬಂದಾಗ ನೋಡಿಕೊಳ್ಳಲು ಎದುರಿಗೊಂದು ಬಿಚ್ಚದ ಮಾದರಿ ಇರುತ್ತದೆ. ಎಡ ಬಲ ಅದಲು ಬದಲಾಗುವ ಭಯವೂ ಇಲ್ಲ. ಕೆಲವು ಕಾರುಗಳಲ್ಲಿ ಎಡಗಡೆಯ ಕ್ಯಾಲಿಪರ್ ಬಲಗಡೆಗೂ ಸಲೀಸಾಗಿ ಕೂರುತ್ತದೆ. ಆಗ ಒಳಗಿನ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಕೆಳಮುಖವಾಗುತ್ತದೆ, ಗಾಳಿ ಮೇಲೆಯೇ ಸಿಕ್ಕಿಕೊಳ್ಳುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ. ಬ್ಲೀಡರ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು.

4. ಧೂಳು ಊದಬೇಡಿ. ಹಳೆಯ ಪ್ಯಾಡ್, ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿಬಿಡಿ.

5. ಪಿಸ್ಟನ್ ತೆಗೆಯಲು ಬ್ರೇಕ್ ಪೆಡಲನ್ನೇ ಬಳಸಿ. ಬ್ರೇಕ್ ಹೋಸ್ ಬಿಚ್ಚುವ ಮೊದಲೇ ಮಾಡಬೇಕಾದ ಕೆಲಸ ಇದು. ಕ್ಯಾಲಿಪರನ್ನು ಡಿಸ್ಕಿನಿಂದ ಬಿಡಿಸಿ, ಪ್ಯಾಡ್ ತೆಗೆದು, ಆ ಜಾಗದಲ್ಲಿ ಒಂದು ಮರದ ತುಂಡಿಟ್ಟು, ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತುತ್ತಿದ್ದರೆ ತುಕ್ಕು ಹಿಡಿದ ಪಿಸ್ಟನ್ನೂ ಮುಂದೆ ಬರುತ್ತದೆ. ಪೂರ್ತಿ ಹೊರಬೀಳುವ ಸ್ವಲ್ಪ ಮೊದಲು ನಿಲ್ಲಿಸಿ, ಕೆಳಗೆ ಟ್ರೇ ಇಟ್ಟು, ಆಮೇಲೆ ಹೋಸ್ ಬಿಚ್ಚಿ ಉಳಿದದ್ದನ್ನು ಕೈಯಲ್ಲಿ ತಿರುಗಿಸಿ ತೆಗೆಯಿರಿ. ಹೋಸ್ ಮೊದಲೇ ಬಿಚ್ಚಿಬಿಟ್ಟವರು ಪಂಕ್ಚರ್ ಅಂಗಡಿಯ ಗಾಳಿ ಹಿಡಿಸುತ್ತಾರೆ. ಆ ಒತ್ತಡಕ್ಕೆ ಪಿಸ್ಟನ್ ಗುಂಡಿನಂತೆ ಹಾರುತ್ತದೆ, ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಬೇರೆ ದಾರಿಯೇ ಇಲ್ಲವೆಂದರೆ ಮರದ ತುಂಡು ಕಡ್ಡಾಯ, ಗಾಳಿ ತೀರಾ ಕಡಿಮೆ ಇರಲಿ, ಬೆರಳು ದೂರವಿರಲಿ.

ಇನ್ನೊಂದು ಮಾತು: ಕ್ಯಾಲಿಪರನ್ನು ಹೋಸಿನ ಮೇಲೆ ನೇತುಹಾಕಬೇಡಿ. ಬೈಂಡಿಂಗ್ ವೈರಿನಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

6. ಸೀಲಿನ ಕೆಲಸ ಅರ್ಥ ಮಾಡಿಕೊಳ್ಳಿ, ಅರ್ಧ ಕೆಲಸ ಮುಗಿಯಿತು. ಬ್ರೇಕಿನಿಂದ ಕಾಲು ತೆಗೆದಾಗ ಪಿಸ್ಟನ್ ಹಿಂದೆ ಸರಿಯುವುದು ಹೇಗೆ? ಒಳಗೆ ಸ್ಪ್ರಿಂಗ್ ಏನೂ ಇಲ್ಲ. ಪಿಸ್ಟನ್ ಕೂರುವ ಬೋರಿನ ಒಳಗೋಡೆಯಲ್ಲಿ ಒಂದು ಗಾಡಿ (ತೋಡು), ಅದರಲ್ಲಿ ಚೌಕ ಅಂಚಿನ ರಬ್ಬರ್ ಸೀಲು. ಪಿಸ್ಟನ್ ಮುಂದೆ ಹೋಗುವಾಗ ಸೀಲು ಅದನ್ನು ಹಿಡಿದುಕೊಂಡೇ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಅಷ್ಟೇ ಸಾಕು, ಪ್ಯಾಡ್ ಡಿಸ್ಕಿನಿಂದ ಬಿಡಿಸಿಕೊಳ್ಳುತ್ತದೆ.

ಗಾಡಿಯ ತಳದಲ್ಲಿ ತುಕ್ಕು ಬೆಳೆದರೆ ಅದು ಸೀಲನ್ನು ಮೇಲಕ್ಕೆ ತಳ್ಳುತ್ತದೆ, ಸೀಲು ಪಿಸ್ಟನ್ನನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಚಕ್ರ ಕಾಯುತ್ತದೆ. ಹೊಸ ಸೀಲು ಹಾಕಿ ಗಾಡಿಯನ್ನು ಹಾಗೇ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹಳೆಯ ಸೀಲನ್ನು ಸ್ಕ್ರೂ ಡ್ರೈವರಿನಿಂದ ಕೀಳದೆ ಪ್ಲಾಸ್ಟಿಕ್ ಅಥವಾ ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಗಾಡಿಯನ್ನು ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ, ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು.

ಇಂಥ ಕ್ಯಾಲಿಪರಿನಲ್ಲಿ ಬ್ರೇಕ್ ಆಯಿಲ್ ತಡೆಯುವುದು ಬೋರಿನ ಗೋಡೆಯಲ್ಲ, ಪಿಸ್ಟನ್ನಿನ ಮೈ. ಬೋರಿನಲ್ಲಿ ಸಣ್ಣ ಕಲೆ ಇದ್ದರೂ ನಡೆಯುತ್ತದೆ. ಸೀಲು ತಾಗುವ ಜಾಗದಲ್ಲಿ ಪಿಸ್ಟನ್ನಿನ ಕ್ರೋಮ್ ಕಿತ್ತು ಗುಳಿ ಬಿದ್ದಿದ್ದರೆ ಆ ಪಿಸ್ಟನ್ ಗುಜರಿಗೆ. ಎಮರಿ ಕಾಗದದಲ್ಲಿ ತಿಕ್ಕಿ ಹೊಳಪು ತರುವುದು ಬೇಡ, ಉಳಿದ ಕ್ರೋಮೂ ಹೋಗುತ್ತದೆ.

7. ಮೇಜರ್ ಕಿಟ್ಟೋ ಮೈನರ್ ಕಿಟ್ಟೋ ಎಂಬುದನ್ನು ಪಿಸ್ಟನ್ ನೋಡಿ ತೀರ್ಮಾನಿಸಿ. ಮೈನರ್‌ನಲ್ಲಿ ರಬ್ಬರ್ ಮಾತ್ರ, ಮೇಜರ್‌ನಲ್ಲಿ ಪಿಸ್ಟನ್ನೂ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೆಯ ಸಾಮಾನನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಒಂದೇ ಮಾದರಿಯ ಕಾರಿಗೆ ಎರಡು ಕಂಪನಿಯ ಬ್ರೇಕ್ ಬಂದಿರುವುದುಂಟು. ರಬ್ಬರ್ ಸಾಮಾನಿನಲ್ಲಿ ಡೂಪ್ಲಿಕೇಟ್ ಕೊಂಡು ಉಳಿಸಿದ ಹಣ ಉಳಿತಾಯವಲ್ಲ.

8. ಬ್ರೇಕಿನ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿಸಬೇಡಿ. ಗ್ಯಾರೇಜಿನ ತಟ್ಟೆಯಲ್ಲಿ ಎಲ್ಲವನ್ನೂ ಡೀಸೆಲ್ಲಿನಲ್ಲಿ ಅದ್ದುವ ರೂಢಿ ಎಂಜಿನ್ ಸಾಮಾನಿಗೆ ಸರಿ. ಪೆಟ್ರೋಲಿಯಂ ತಾಗಿದರೆ ಈ ರಬ್ಬರ್ ಊದಿಕೊಳ್ಳುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್. ತೊಳೆದ ಕೂಡಲೇ ಒಣಗಿಸಿ. ಎರಕದ ಕಬ್ಬಿಣ ಕರಾವಳಿಯ ಹವೆಯಲ್ಲಿ ನೀವು ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ. ಕ್ಲೋರಿನ್ ಇರುವ ಕ್ಲೀನರ್ ಹತ್ತಿರ ಬೆಂಕಿ, ವೆಲ್ಡಿಂಗ್ ಎರಡೂ ಕೂಡದು. ಕಾದರೆ ಅದರಿಂದ ಫಾಸ್‌ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

9. ಈಗ ಬಣ್ಣ. ಮೊದಲು ಹಚ್ಚಬಾರದ ಜಾಗಗಳನ್ನು ಮುಚ್ಚಿ. ಬೋರ್, ಸೀಲಿನ ಗಾಡಿ, ಧೂಳು ತಡೆಯುವ ಡಸ್ಟ್ ಬೂಟ್ ಕೂರುವ ಅಂಚು, ಪಿನ್ ಓಡಾಡುವ ತೂತು, ಬ್ಲೀಡರಿನ ತೂತು, ಹೋಸಿನ ತಾಮ್ರದ ವಾಷರ್ ಕೂರುವ ಮುಖ, ಪ್ಯಾಡ್ ಜಾರುವ ಜಾಗ, ಬೋಲ್ಟಿನ ತಲೆ ಒತ್ತುವ ಜಾಗ. ಪ್ಯಾಡಿನ ಜಾಗಕ್ಕೆ ಬಣ್ಣ ದಪ್ಪಗೆ ಕೂತರೆ ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ವಾಷರಿನ ಕೆಳಗೆ ಬಣ್ಣವಿದ್ದರೆ ಆಯಿಲ್ ಜಿನುಗುತ್ತದೆ. ಬೋಲ್ಟಿನ ಕೆಳಗಿನ ಬಣ್ಣ ಬಿಸಿಗೆ ಕುಗ್ಗಿದರೆ ಬಿಗಿಯೇ ಸಡಿಲ.

ಮಿಕ್ಕ ಮೈಗೆ ಶಾಖ ತಡೆಯುವ ಕ್ಯಾಲಿಪರ್ ಪೇಂಟ್, ತೆಳ್ಳಗೆ ಮೂರ್ನಾಲ್ಕು ಸಲ. ಗೇಟಿಗೆ ಹೊಡೆದು ಮಿಕ್ಕ ಎನಾಮಲ್ ಬೇಡ. ಆಷಾಢದ ಮಳೆಯಲ್ಲಿ ಮಂಗಳೂರಿನವರು ಸ್ಪ್ರೇ ಕೆಲಸಕ್ಕೆ ಇಳಿಯದಿರುವುದೇ ಮೇಲು, ತೇವಕ್ಕೆ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಬಣ್ಣ ಸುಡಲು ಅಡುಗೆಮನೆಯ ಓವನ್ ಕೇಳಿದರೆ ಮನೆಯವರು ಬೈಯುವುದು ನ್ಯಾಯವೇ. ಆ ಹೊಗೆ ಅನ್ನಕ್ಕೆ ಸೇರಬಾರದು.

10. ಮತ್ತೆ ಜೋಡಿಸುವಾಗ ಸಿಕ್ಕ ಗ್ರೀಸೆಲ್ಲ ಬಳಿಯಬೇಡಿ. ಸೀಲು, ಪಿಸ್ಟನ್ನಿಗೆ ತಾಜಾ ಬ್ರೇಕ್ ಆಯಿಲ್ ಅಥವಾ ಬ್ರೇಕಿಗೆಂದೇ ಬರುವ ರಬ್ಬರ್ ಗ್ರೀಸ್. ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್. ಚಕ್ರದ ಬೇರಿಂಗಿಗೆ ತುಂಬುವ ಮಾಮೂಲಿ ಗ್ರೀಸ್ ಪಿನ್ನಿನ ರಬ್ಬರನ್ನು ಊದಿಸಿ, ಕೊನೆಗೆ ಪಿನ್ನನ್ನೇ ಹಿಡಿಸಿಬಿಡುತ್ತದೆ. ಪಿಸ್ಟನ್ ಬೆರಳಿನ ಒತ್ತಡಕ್ಕೆ ನೇರವಾಗಿ ಒಳಹೋಗಬೇಕು. ಸುತ್ತಿಗೆ ಬೇಕೆನಿಸಿದರೆ ಅದು ವಾಲಿದೆ ಎಂದರ್ಥ, ಹೊರತೆಗೆದು ಮತ್ತೆ ಶುರುಮಾಡಿ.

11. ಹಳೆಯ ಬ್ರೇಕ್ ಆಯಿಲ್ ಮತ್ತೆ ಹಾಕಬೇಡಿ. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ. ಡಾಟ್ 4ರ ಮಾನದಂಡದಂತೆ ಒಣ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಮೇಲೇ ಕಾಲಿಟ್ಟವರಿಗೆ ಪೆಡಲ್ ಹಠಾತ್ತನೆ ಪೊಳ್ಳಾಗುವುದು ಹೀಗೆ: ಆಯಿಲ್ ಕುದಿದು ಆವಿಯಾಯಿತು, ಆವಿ ಒತ್ತಿದರೆ ಕುಗ್ಗುತ್ತದೆ. ಆಯಿಲ್ ಕಾರಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ. ನಿಮ್ಮ ಹೊಸ ಕೆಂಪು ಕ್ಯಾಲಿಪರಿಗೂ ಇದೇ ಗತಿ.

ಬ್ಲೀಡಿಂಗ್‌ಗೆ ಇಬ್ಬರು ಬೇಕು. ಒಳಗೆ ಕೂತವರು "ಒತ್ತಿದೆ" ಎಂದ ಮೇಲೆ ನಿಪ್ಪಲ್ ತೆರೆಯಿರಿ, ನೀವು ಮುಚ್ಚಿ "ಬಿಡಿ" ಎನ್ನುವವರೆಗೆ ಅವರು ಕಾಲು ತೆಗೆಯಬಾರದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು, ನಮ್ಮ ಬಲಗಡೆ ಸ್ಟೀರಿಂಗಿನ ಕಾರುಗಳಲ್ಲಿ ಅದು ಹಿಂದಿನ ಎಡಚಕ್ರ. ನಿಮ್ಮ ಕಾರಿನ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಕೊನೆ. ಮಾಸ್ಟರ್ ಸಿಲಿಂಡರಿನ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಿ. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಒಳಹೊಕ್ಕ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ಹೋಸಿಗೆ ಹೊಸ ತಾಮ್ರದ ವಾಷರ್, ಬೋಲ್ಟುಗಳಿಗೆ ಟಾರ್ಕ್ ರೆಂಚ್. ಗೇರ್ ಹಾಕುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಏಕೆಂದರೆ ಪಿಸ್ಟನ್ ಇನ್ನೂ ಹಿಂದೆಯೇ ಇರುತ್ತದೆ. ಮೊದಲ ಓಡಾಟ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ.

12. ಆಲ್ಟರ್ನೇಟರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಅದರ ಹಿಂದಿನ ದಪ್ಪ ವೈರಿನಲ್ಲಿ ಕೀಲಿ ತೆಗೆದಿದ್ದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಅಲ್ಲಿಂದ ಎಂಜಿನ್ನಿಗೆ ತಾಗಿದರೆ ವೆಲ್ಡಿಂಗ್ ಅಂಗಡಿಯ ಕಿಡಿಯೇ. ಹಾಗೆಯೇ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು "ಚಾರ್ಜ್ ಆಗ್ತಿದೆಯಾ" ಎಂದು ನೋಡುವ ಹಳೆಯ ಚಾಳಿ ಬಿಡಿ. ಡೈನಮೋ ಕಾಲದ ಆ ಪರೀಕ್ಷೆ ಇಂದು ಡಯೋಡುಗಳನ್ನು ಕೊಲ್ಲಬಹುದು.

13. ಆಲ್ಟರ್ನೇಟರಿನ ಮೈಯ ಎರಡು ಅರ್ಧಗಳಿಗೂ ಅಡ್ಡಲಾಗಿ ಒಂದು ಗೀರು ಹಾಕಿ, ಆಮೇಲೆ ಬೇರ್ಪಡಿಸಿ. ಗುರುತಿಲ್ಲದೆ ಜೋಡಿಸಿದರೆ ಬೋಲ್ಟ್ ಹಾಕುವ ಕಿವಿಗಳು ಬ್ರಾಕೆಟ್ಟಿಗೆ ಸೇರದೆ ಹೋಗಬಹುದು. ಪುಲ್ಲಿಯ ನಟ್ ಬಿಚ್ಚುವಾಗ ಪುಲ್ಲಿಯನ್ನು ನೇರ ವೈಸಿಗೆ ಕೊಡದೆ ಹಳೆಯ ಬೆಲ್ಟ್ ಸುತ್ತಿ ಹಿಡಿಯಿರಿ.

14. ಮಲ್ಟಿಮೀಟರ್ ಇಲ್ಲದೆ ಬಿಚ್ಚುವುದಾದರೆ ಬಿಚ್ಚಲೇಬೇಡಿ. ಒಳಗೆ ತಿರುಗುವ ರೋಟರಿನ ಎರಡು ಸ್ಲಿಪ್ ರಿಂಗುಗಳ ನಡುವೆ ಸಾಮಾನ್ಯವಾಗಿ 2ರಿಂದ 5 ಓಮ್ ಬರಬೇಕು. ರಿಂಗಿಗೂ ಶಾಫ್ಟಿಗೂ ನಡುವೆ ಏನೂ ಬರಬಾರದು. ಬಂದರೆ ವೈಂಡಿಂಗ್ ಮೈಗೆ ತಾಗಿದೆ. ಸುತ್ತಲೂ ಸ್ಥಿರವಾಗಿರುವ ಸ್ಟೇಟರಿನ ಮೂರು ತುದಿಗಳು ಪರಸ್ಪರ ಕೂಡಿರಬೇಕು, ಕಬ್ಬಿಣಕ್ಕೆ ಕೂಡಿರಬಾರದು. ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ ಡಯೋಡನ್ನು ನೋಡಿದರೆ ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು, ಇನ್ನೊಂದರಲ್ಲಿ ಏನೂ ಇಲ್ಲ. ಎರಡೂ ಕಡೆ ಒಂದೇ ರೀತಿ ತೋರಿದರೆ ಡಯೋಡ್ ಪ್ಲೇಟ್ ಬದಲಿಸಿ. ವೈಂಡಿಂಗ್ ಸುಟ್ಟ ವಾಸನೆ ಬಂದರೆ ರೀವೈಂಡ್ ಅಂಗಡಿಗೆ ಕೊಡಿ, ಅದು ಮನೆಯ ಕೆಲಸವಲ್ಲ.

15. ಸವೆಯುವ ಮೂರು ಸಾಮಾನು ಹೇಗಿದ್ದರೂ ಬದಲಿಸಿ. ಎರಡು ಬೇರಿಂಗ್, ಕಾರ್ಬನ್ ಬ್ರಷ್ ಜೋಡಿ. ಬೇರಿಂಗಿನ ಮೈಮೇಲೇ ನಂಬರಿರುತ್ತದೆ. 6203 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿಲಿಮೀಟರ್, ಯಾವ ಕಂಪನಿಯದಾದರೂ ಅಷ್ಟೇ. ಎರಡೂ ಬದಿ ರಬ್ಬರ್ ಮುಚ್ಚಿದ್ದನ್ನೇ ಕೇಳಿ. ಶಾಫ್ಟಿಗೆ ಹಾಕುವಾಗ ಒಳಗಿನ ಬಳೆಯನ್ನೇ ಒತ್ತಬೇಕು, ಹೌಸಿಂಗಿಗೆ ಕೂರಿಸುವಾಗ ಹೊರಗಿನದನ್ನು. ಅದಲು ಬದಲಾದರೆ ಗುಂಡುಗಳ ಕೆಳಗೆ ಗುಳಿ ಬಿದ್ದು ಹೊಸ ಬೇರಿಂಗೇ ಕೂಗತೊಡಗುತ್ತದೆ.

16. ಆಲ್ಟರ್ನೇಟರಿನ ಮೈಗೆ ಬಣ್ಣವೇ ಬೇಡ. ಇದು ನನ್ನ ಅಭಿಪ್ರಾಯ, ಒಪ್ಪದವರಿದ್ದಾರೆ. ಅದು ತನ್ನ ಬಿಸಿ ಕಳೆದುಕೊಳ್ಳುವುದು ಗಾಳಿಗೆ, ಅರ್ತ್ ಪಡೆಯುವುದು ಸಾಮಾನ್ಯವಾಗಿ ಬೋಲ್ಟು, ಬ್ರಾಕೆಟ್ಟಿನ ಮೂಲಕ. ಕಿವಿಯ ಮುಖಕ್ಕೆ ಬಣ್ಣ ಕೂತರೆ ಚಾರ್ಜಿಂಗ್ ಕುಂಟುತ್ತದೆ, ದೋಷ ಹುಡುಕುವವರು ಎಲ್ಲ ಬಿಟ್ಟು ಬ್ಯಾಟರಿ ಬದಲಿಸುತ್ತಾರೆ. ಬರಿಯ ಅಲ್ಯುಮಿನಿಯಮ್ಮನ್ನು ಸೋಪು, ನೈಲಾನ್ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕಷ್ಟು ಅಂದವಾಗಿ ಕಾಣುತ್ತದೆ. ಕಾಸ್ಟಿಕ್ ಸೋಡಾ ಬೇಡ, ಅದು ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ. ರೋಟರ್, ಸ್ಟೇಟರ್‌ಗಳನ್ನು ಯಾವುದರಲ್ಲೂ ಅದ್ದದೆ ಒಣ ಬ್ರಷ್ಷಿನಲ್ಲಿ ಒರೆಸಿ.

17. ಜೋಡಿಸುವಾಗ ಕಾರ್ಬನ್ ಬ್ರಷ್ಷುಗಳನ್ನು ಒಳಗೆ ಅದುಮಿ ಹಿಡಿಯಿರಿ. ಬಹಳಷ್ಟು ಮಾದರಿಗಳ ಬೆನ್ನಿನಲ್ಲಿ ಅದಕ್ಕೆಂದೇ ಸಣ್ಣ ತೂತಿರುತ್ತದೆ. ಗಟ್ಟಿ ತಂತಿ ತೂರಿಸಿ ಬ್ರಷ್ ಹಿಡಿದಿಟ್ಟು, ಮುಚ್ಚಿದ ಮೇಲೆ ತಂತಿ ಎಳೆಯಿರಿ. ತೂರಿಸಲು ಮರೆತರೆ ಕಾರ್ಬನ್ ಮುರಿದ ಸಣ್ಣ ಸದ್ದು ಕೇಳಿಸುತ್ತದೆ.

18. ಕೂರಿಸಿದ ಮೇಲೆ ಅಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್. ಹೆಡ್‌ಲೈಟ್, ಬ್ಲೋವರ್ ಹಾಕಿದಾಗಲೂ 13ರ ಕೆಳಗೆ ಬೀಳಬಾರದು. ಮೀಟರನ್ನು ಎಸಿಗೆ ತಿರುಗಿಸಿ: ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಒಂದು ಡಯೋಡ್ ಕೈಕೊಟ್ಟಿದೆ. ಏನೂ ಚಾರ್ಜ್ ಆಗದಿದ್ದರೆ ಮತ್ತೆ ಬಿಚ್ಚುವ ಮೊದಲು ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ನೋಡಿ. ಹಳೆಯ ಕಾರುಗಳಲ್ಲಿ ರೋಟರಿಗೆ ಮೊದಲ ಕರೆಂಟ್ ಬರುವುದು ಆ ಬಲ್ಬಿನ ಮೂಲಕವೇ. ಕೀಲಿ ತಿರುಗಿಸಿದಾಗ ಅದು ಹೊತ್ತದಿದ್ದರೆ ನಿಮ್ಮ ಆಲ್ಟರ್ನೇಟರ್ ಸರಿಯಾಗಿಯೇ ಇರಬಹುದು, ಬದಲಿಸಬೇಕಾದ್ದು ಬಲ್ಬು.