ಒಂದು ರಾಜ್ಯ, ನಾಲ್ಕು ನಕ್ಷೆ

ನಕ್ಷೆ ಮಾಡಲು ಕಲಿಯಬೇಕೆನ್ನುವವರು ಮೊದಲು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಅದು ಆಮೇಲಿರಲಿ. ಶಾಲಾ ಮಕ್ಕಳಿಗೆಂದು ಮಾರುವ ಕರ್ನಾಟಕದ ಔಟ್‌ಲೈನ್ ಮ್ಯಾಪ್ ನಾಲ್ಕು ಹಾಳೆ, ಪೆನ್ಸಿಲ್, ಕೈವಾರ, ಬಣ್ಣದ ಪೆನ್ಸಿಲ್‌ಗಳನ್ನು ತನ್ನಿ. ಮೊದಲ ಮೂರು ಹಾಳೆಗಳ ಅಂಕಿಅಂಶಕ್ಕೆ 2011ರ ಜನಗಣತಿ ಸಾಕು. ಆದರೆ ಹಾಳೆ 30 ಜಿಲ್ಲೆಗಳದ್ದೇ ಇರಲಿ. 2021ರಲ್ಲಿ ಬಂದ ವಿಜಯನಗರ ಜಿಲ್ಲೆಯನ್ನು ಮರಳಿ ಬಳ್ಳಾರಿಗೆ ಸೇರಿಸಿದರೂ ಲೆಕ್ಕ ಕೂಡುವುದಿಲ್ಲ. ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ಜನಗಣತಿಯ ಹೊತ್ತಿಗೆ ದಾವಣಗೆರೆಯಲ್ಲಿತ್ತು.

ಮೊದಲ ಹಾಳೆ ಬಣ್ಣದ ನಕ್ಷೆಗೆ. ಜನಸಂಖ್ಯೆಯನ್ನು ಹಾಗೇ ಬಣ್ಣಕ್ಕೆ ಇಳಿಸಬೇಡಿ. ಕೊಡಗಿನಲ್ಲಿ ಸುಮಾರು 5.5 ಲಕ್ಷ ಜನ, ಉತ್ತರ ಕನ್ನಡದಲ್ಲಿ 14.4 ಲಕ್ಷ. ಒಂದಕ್ಕೆ ತಿಳಿ, ಇನ್ನೊಂದಕ್ಕೆ ಗಾಢ ಬಣ್ಣ ಬಿದ್ದೀತು. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ 135 ಮತ್ತು 140. ಎರಡೂ ಜಿಲ್ಲೆ ಹೆಚ್ಚುಕಡಿಮೆ ಒಂದೇ. ಬಣ್ಣ ಸಾಂದ್ರತೆಗೆ, ಶೇಕಡಾವಾರಿಗೆ ಮಾತ್ರ.

ಇನ್ನು ಗುಂಪು ಮಾಡುವುದು. ನಿಜವಾದ ಕಸುಬು ಇರುವುದು ಇಲ್ಲಿ. ಸಮ ಅಂತರದ ಐದು ಗುಂಪು ಮಾಡಿ ನೋಡಿ. ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ 4,300 ದಾಟಿರುವುದರಿಂದ ಅದೊಂದು ಕಡುಗೆಂಪಾಗಿ, ಉಳಿದ 29 ಜಿಲ್ಲೆಗಳೂ ಒಂದೇ ತಿಳಿಬಣ್ಣದಲ್ಲಿ ಮುಳುಗುತ್ತವೆ. ಈಗ ಜಿಲ್ಲೆಗಳನ್ನು ಏರಿಕೆ ಕ್ರಮದಲ್ಲಿ ಬರೆದು ಆರಾರರಂತೆ ಭಾಗ ಮಾಡಿ. ಉಳಿದ ಜಿಲ್ಲೆಗಳ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಬೆಂಗಳೂರು ಮಾತ್ರ ಮೈಸೂರಿನ ಜೊತೆ ಏನೂ ಅರಿಯದಂತೆ ಕೂತಿರುತ್ತದೆ. ಅಂಕಿ ಒಂದೇ, ನಕ್ಷೆ ಎರಡು! ನನ್ನನ್ನು ಕೇಳಿದರೆ, ಬೆಂಗಳೂರಿಗೆ ಪ್ರತ್ಯೇಕ ಗುಂಪು ಕೊಟ್ಟು ಉಳಿದವನ್ನು ನಾಲ್ಕಾಗಿ ಒಡೆಯುವುದೇ ಸರಿ. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಒಯ್ಯಿರಿ, ಹೋಳಿ ಆಡಬೇಡಿ.

ಎರಡನೆಯದರಲ್ಲಿ ಒಟ್ಟು ಜನಸಂಖ್ಯೆಯನ್ನು ವೃತ್ತಗಳಲ್ಲಿ ತೋರಿಸಿ. ಬೆಂಗಳೂರು ನಗರದ 96 ಲಕ್ಷ ಕೊಡಗಿನ 17 ಪಟ್ಟು. ವ್ಯಾಸವನ್ನೂ 17 ಪಟ್ಟು ಮಾಡಿದಿರೋ, ವೃತ್ತ ಅರ್ಧ ರಾಜ್ಯ ನುಂಗೀತು. ನಾನು ಮೊದಲ ಸಲ ಹಾಗೇ ಮಾಡಿ ಹಾಳೆ ಹರಿದು ಹಾಕಿದ್ದೆ. ಹೆಚ್ಚಬೇಕಾದದ್ದು ವಿಸ್ತೀರ್ಣ, ಆದ್ದರಿಂದ ವರ್ಗಮೂಲ ತೆಗೆಯಿರಿ: ಕೊಡಗಿಗೆ 6 ಮಿ.ಮೀ. ವ್ಯಾಸವಾದರೆ ಬೆಂಗಳೂರಿಗೆ 25.

ಮೂರನೆಯದು ಚುಕ್ಕಿ ನಕ್ಷೆ. ಹತ್ತು ಸಾವಿರ ಜನರಿಗೊಂದು ಚುಕ್ಕಿ ಎಂದರೆ ಉತ್ತರ ಕನ್ನಡಕ್ಕೆ 144. ರಂಗೋಲಿಯಂತೆ ಸಮನಾಗಿ ಇಡಬೇಡಿ. ಕರಾವಳಿಯುದ್ದಕ್ಕೆ, ಶಿರಸಿಯ ಸುತ್ತ ಒತ್ತಾಗಿ ಇಟ್ಟು ದಟ್ಟ ಕಾಡನ್ನು ಖಾಲಿ ಬಿಡಿ.

ಕೊನೆಯ ಹಾಳೆಗೆ ಮಳೆ. ಮಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹಾಸನ ಜಿಲ್ಲೆಯಲ್ಲೇ ಸಕಲೇಶಪುರ ತೊಯ್ದು ತೊಪ್ಪೆಯಾದಾಗ ಅರಸೀಕೆರೆ ಮೋಡ ನೋಡುತ್ತಿರುತ್ತದೆ. ಇಲ್ಲಿ ಬಣ್ಣ ತುಂಬುವುದಲ್ಲ, ಸಮಮಳೆ ರೇಖೆ ಎಳೆಯಬೇಕು. ಊರುಗಳ ವಾರ್ಷಿಕ ಸರಾಸರಿ ಮಳೆ ಗುರುತಿಸಿಕೊಳ್ಳಿ. 1,000 ಮಿ.ಮೀ.ನ ಊರು, 2,000 ಮಿ.ಮೀ.ನ ಊರು ಅಕ್ಕಪಕ್ಕ ಬಂದರೆ 1,500ರ ರೇಖೆ ನಡುವೆ ಹಾಯುತ್ತದೆ. ಆಗುಂಬೆಯ ಹತ್ತಿರ ರೇಖೆಗಳು ಒಂದರ ಮೇಲೊಂದು ಬಿದ್ದಂತಿರುತ್ತವೆ, ಚಿತ್ರದುರ್ಗದ ಕಡೆ ಚದುರುತ್ತವೆ.

ತಲೆಬರಹ, ಸೂಚಿ, ಅಳತೆ, ಅಂಕಿಅಂಶದ ವರ್ಷ ಮತ್ತು ಮೂಲ ಎಲ್ಲ ಹಾಳೆಯಲ್ಲೂ ಇರಲಿ. ಇಷ್ಟಾದ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಗುಂಪು ಎಷ್ಟು, ಯಾವ ಬಗೆಯದು ಎಂದು ಅದು ಕೇಳಿದಾಗ ಮೊದಲ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಉತ್ತರಿಸಿ.