ಹಿರಿಯರ ಆರೈಕೆ: ಯಾವ ಕೆಲಸಕ್ಕೆ ಯಾವ ಕಚೇರಿ

ಹಿರಿಯರಿಗೆ ಸಿಗುವ ನೆರವು ಒಂದೇ ಕಡೆ ಸಿಗುವುದಿಲ್ಲ. ಮಾಸಾಶನ ಕಂದಾಯ ಇಲಾಖೆಯದು, ಚಿಕಿತ್ಸೆ ಆರೋಗ್ಯ ಇಲಾಖೆಯದು, ಗುರುತಿನ ಚೀಟಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು, ಜೀವನಾಂಶದ ದೂರು ಉಪವಿಭಾಗಾಧಿಕಾರಿಯದು. ಒಂದು ಕಡೆ ಕೊಟ್ಟ ಕಾಗದ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ಇವನ್ನೆಲ್ಲ ಜೋಡಿಸುವ ಕೆಲಸ ಹೆಚ್ಚಿನ ಮನೆಗಳಲ್ಲಿ ಸೊಸೆಯ ಮೇಲೋ ಮಗಳ ಮೇಲೋ ಬೀಳುತ್ತದೆ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ, ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ, ಬಿಡದಿ ಅಥವಾ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವವರಿಗೆ ಒಮ್ಮೆ ಕಚೇರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಯಾವ ಕೆಲಸಕ್ಕೆ ಯಾವ ಕಚೇರಿ, ಯಾವುದು ಮೊದಲು, ಯಾವುದು ನಂತರ ಎಂಬ ತಿಳಿವಳಿಕೆಯೇ ಆರೈಕೆಯ ಅರ್ಧ ಕೆಲಸ.

ಕಾಗದಪತ್ರ

ಅನುಭವ ಕಲಿಸುವ ಮೊದಲ ಪಾಠ: ಹಿರಿಯರು ಇನ್ನೂ ಓಡಾಡಿಕೊಂಡಿರುವಾಗಲೇ ಕಾಗದಪತ್ರ ಸರಿಮಾಡಿಸಬೇಕು. ಹಳೆಯ ತಲೆಮಾರಿನ ಅನೇಕರಿಗೆ ಜನನ ಪ್ರಮಾಣಪತ್ರವಿಲ್ಲ. ಆಧಾರ್ ಮಾಡಿಸುವಾಗ ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿದ ಹುಟ್ಟಿದ ದಿನ, ಮತದಾರರ ಚೀಟಿಯಲ್ಲಿರುವ ವಯಸ್ಸು, ಪಡಿತರ ಚೀಟಿಯಲ್ಲಿರುವ ಹೆಸರು ಒಂದಕ್ಕೊಂದು ತಾಳೆಯಾಗದೆ ಅರ್ಜಿ ನಿಲ್ಲುತ್ತದೆ. ಇನ್ನೊಂದು ತೊಡಕು ಬೆರಳಚ್ಚು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆದ ಕೈಗಳಲ್ಲಿ, ಹೊಲದಲ್ಲಿ ದುಡಿದ ಕೈಗಳಲ್ಲಿ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಗುರುತಿಸುವುದಿಲ್ಲ. ಹಾಗಾದಾಗ ಕಣ್ಣಿನ ಪಾಪೆ ಅಥವಾ ಮುಖದ ಮೂಲಕ ಗುರುತು ಹಿಡಿಯುವಂತೆ ಕೇಳಬಹುದು. ಆಧಾರ್‌ಗೆ ಮನೆಯವರ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಒಟಿಪಿ ಬರುವ ಕೆಲಸಗಳೂ ಸಲೀಸು.

ಮೇಲೆ ಹೇಳಿದ ಊರುಗಳಿರುವ, 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಅರ್ಜಿ ತುಂಬುವಾಗ ಎರಡೂ ಹೆಸರು ಗಮನದಲ್ಲಿರಬೇಕು.

ಮಾಸಾಶನ ಮತ್ತು ರಿಯಾಯಿತಿ

ಬಿಪಿಎಲ್ ಕುಟುಂಬದ 60 ದಾಟಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಮತ್ತು ಅಸಂಘಟಿತ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಅದರಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಎರಡಕ್ಕೂ ಆದಾಯದ ಮಿತಿ ಉಂಟು, ಒಬ್ಬರಿಗೆ ಎರಡು ಮಾಸಾಶನ ಸಿಗುವುದಿಲ್ಲ. ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ. ಸ್ಥಳ ಪರಿಶೀಲನೆ ಗ್ರಾಮ ಆಡಳಿತಾಧಿಕಾರಿಯದು.

ಬರುತ್ತಿದ್ದ ಮಾಸಾಶನ ದಿಢೀರನೆ ನಿಂತರೆ ನಾಡಕಚೇರಿಗೆ ಓಡುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು. ಹಣ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಜೋಡಣೆ ತಪ್ಪಿದ್ದರೆ, ಖಾತೆ ನಿಷ್ಕ್ರಿಯವಾಗಿದ್ದರೆ, ಇಲ್ಲವೇ ಬೇರೆ ಬ್ಯಾಂಕಿನಲ್ಲಿ ತೆರೆದ ಹೊಸ ಖಾತೆಗೆ ಜೋಡಣೆ ಬದಲಾಗಿದ್ದರೆ ಹಣ ನಿಂತಂತೆ ಕಾಣುತ್ತದೆ.

ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ 25ರಷ್ಟು ರಿಯಾಯಿತಿ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಖರ್ಚೇ ಇಲ್ಲ. ಕನಕಪುರ, ಮಾಗಡಿ ಪಟ್ಟಣಗಳಿಗೆ ರೈಲು ಇಲ್ಲ; ಅಲ್ಲಿನವರು ಆಸ್ಪತ್ರೆಗೂ ಕಚೇರಿಗೂ ಬಸ್ಸನ್ನೇ ನಂಬಬೇಕಾದ್ದರಿಂದ ಈ ರಿಯಾಯಿತಿ ಅಲ್ಲಿ ದೊಡ್ಡದು.

ಊರುಗೋಲು, ಶ್ರವಣ ಸಾಧನ, ಕನ್ನಡಕ, ಗಾಲಿಕುರ್ಚಿಯಂಥವನ್ನು ಬಡ ಹಿರಿಯರಿಗೆ ಉಚಿತವಾಗಿ ಕೊಡಲು ಕೇಂದ್ರ ಸರ್ಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭಿಸಿತು. ಶಿಬಿರ ನಡೆಸಿ ತಪಾಸಣೆ ಮಾಡಿ ಸಾಧನ ಕೊಡುತ್ತಾರೆ. ಶಿಬಿರದ ಸುದ್ದಿ ಗ್ರಾಮ ಪಂಚಾಯಿತಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಮೊದಲು ಸಿಗುವುದು.

ಚಿಕಿತ್ಸೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಇದರಲ್ಲಿ ಎಡವುವ ಜಾಗ ಒಂದೇ: ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಕೊಡುವ ರೆಫರಲ್ ಪತ್ರ ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರು ಹತ್ತಿರ ಎಂದು ನೇರವಾಗಿ ಅಲ್ಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿ, ಆಮೇಲೆ ಪತ್ರಕ್ಕಾಗಿ ಅಲೆಯುವ ಮನೆಗಳು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ.

ಮರೆವು ಅತಿಯಾಗುವುದು, ಹೊತ್ತು ಗೊತ್ತು ತಿಳಿಯದಿರುವುದು, ನಡುರಾತ್ರಿ ಎದ್ದು ಹೊರಡುವುದು ಬರೀ ವಯಸ್ಸಿನ ಲಕ್ಷಣವಲ್ಲ. ಅರಳುಮರಳು ಎಂದು ಸುಮ್ಮನಿರದೆ ತೋರಿಸಿದರೆ ಥೈರಾಯ್ಡ್ ಅಥವಾ ಬಿ12 ಕೊರತೆಯಂಥ, ಚಿಕಿತ್ಸೆಗೆ ಬಗ್ಗುವ ಕಾರಣವೂ ಸಿಗಬಹುದು. ಡಿಮೆನ್ಷಿಯಾ ಎಂದು ಖಚಿತವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ವಿಭಾಗವಿದೆ. ಕ್ಯಾನ್ಸರ್ ಕೊನೆಯ ಹಂತ ತಲುಪಿದವರನ್ನು ಮಾರತಹಳ್ಳಿ ಬಳಿಯ ಕರುಣಾಶ್ರಯ ಹಣ ಪಡೆಯದೆ ನೋಡಿಕೊಳ್ಳುತ್ತದೆ.

ಕಾನೂನು ಮತ್ತು ಆಸ್ತಿ

ಬೆಂಗಳೂರು ಹತ್ತಿರ ಬಂದಂತೆ ಈ ಭಾಗದ ಜಮೀನಿನ ಬೆಲೆ ಏರಿದೆ. ಹಿರಿಯರ ತಕರಾರುಗಳಲ್ಲಿ ಆಸ್ತಿಯ ಪಾಲು ದೊಡ್ಡದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು. ಅರ್ಜಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಮೇಲ್ಮನವಿ ಜಿಲ್ಲಾಧಿಕಾರಿಗೆ. ನಡೆಯಲಾಗದವರ ಪರವಾಗಿ ಬೇರೊಬ್ಬರೂ ಅರ್ಜಿ ಕೊಡಬಹುದು.

ಇದೇ ಕಾಯ್ದೆಯ 23ನೇ ಕಲಂ ದಾನಪತ್ರಕ್ಕೆ ಸಂಬಂಧಿಸಿದ್ದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ಮಾತಿಗೆ ತಪ್ಪಿದರೆ ಆ ಪತ್ರವನ್ನು ಅಸಿಂಧುಗೊಳಿಸಲು ಕೋರಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ. ಆದ್ದರಿಂದ ಊಟ, ಔಷಧಿ, ಇರಲು ಮನೆ ಎಂಬ ಮಾತುಗಳು ನೋಂದಣಿಯಾಗುವ ಪತ್ರದಲ್ಲೇ ಬರಬೇಕು. ಸೊಸೆಯೋ ಮಗಳೋ ಆರೈಕೆ ಮಾಡುತ್ತಿರುವ ಮನೆಗಳಲ್ಲೂ ಇದು ಒಳ್ಳೆಯದು. ಯಾರ ಹೊಣೆ ಎಷ್ಟು ಎಂಬುದು ಆಗ ಬಾಯಿಮಾತಿಗೆ ಬಿಟ್ಟದ್ದಾಗಿರುವುದಿಲ್ಲ.

ಆರೈಕೆ ಮಾಡುವವರು

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲು ಕೂಲಿ, ರಾತ್ರಿ ಈ ಕೆಲಸ ಎಂದಾದರೆ ಒಬ್ಬರ ಕೈಲಿ ಬಹುಕಾಲ ಸಾಗದು. ಊರಲ್ಲಿರುವವರು ಮೈಕೆಲಸ ಮಾಡಿದರೆ, ಬೆಂಗಳೂರಿನಲ್ಲಿರುವವರು ಔಷಧಿಯ ಖರ್ಚು ಮತ್ತು ತಿಂಗಳಲ್ಲಿ ಕೆಲವು ದಿನಗಳ ಸರದಿ ಹೊರುವಂತೆ ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ಆರೈಕೆ ಹೆಚ್ಚು ಕಾಲ ನಿಲ್ಲುತ್ತದೆ. ನಿದ್ದೆಗೆಟ್ಟು, ಸಿಡುಕು ಹೆಚ್ಚಿ, ಅಳು ಬರುವಂತಾದಾಗ ಆರೈಕೆ ಮಾಡುವವರೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯಲ್ಲಿ ಸಾಧ್ಯವೇ ಇಲ್ಲವೆಂದಾದಾಗ ವೃದ್ಧಾಶ್ರಮದ ಮಾತು ಬರುತ್ತದೆ. ಹಾಸಿಗೆ ಹಿಡಿದವರನ್ನು, ಡಿಮೆನ್ಷಿಯಾ ಇರುವವರನ್ನು ಸೇರಿಸಿಕೊಳ್ಳುತ್ತಾರೆಯೇ, ರಾತ್ರಿ ಯಾರಿರುತ್ತಾರೆ, ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂಬುದನ್ನು ಹೋಗಿ ನೋಡಿಯೇ ತಿಳಿಯಬೇಕು. ಆಶ್ರಮದ ಮಾಹಿತಿ, ಮಾಸಾಶನದ ತೊಡಕು, ಮನೆಯವರ ಕಿರುಕುಳದ ದೂರು, ದಿಕ್ಕಿಲ್ಲದೆ ಬೀದಿಯಲ್ಲಿರುವ ಹಿರಿಯರ ರಕ್ಷಣೆ ಇವಕ್ಕೆಲ್ಲ ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಸಿಗುತ್ತದೆ. ಆಂಬುಲೆನ್ಸ್‌ಗೆ 108, ಪೊಲೀಸರ ತುರ್ತು ನೆರವಿಗೆ 112.