ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು

ಹೊಂಗನೂರಿನ ತಮ್ಮನಿಗೆ,

ನಿಮ್ಮ ಮನೆಯಲ್ಲಿರುವಂಥ ವಿಂಡೋಸ್ 10ರ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಪ್ಯಾಚು ಕೊಡುತ್ತೇವೆಂದರು. ಅದು ಗಡುವಿನ ಮುಂದೂಡಿಕೆ, ಅಷ್ಟೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರೇ ಬೇಕು. 2017ಕ್ಕೆ ಮುಂಚೆ ಕೊಂಡದ್ದಾದರೆ ಅಲ್ಲಿಗೆ ಕಥೆ ಮುಗಿಯಿತು. ಹೊಸದು ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೇರೆ: ವಿಂಡೋಸಿನ ಜಾಗಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕು. ಬಿಟ್ಟಿ ಸಿಗುತ್ತದೆಂಬ ಕಾರಣಕ್ಕಲ್ಲ. ಕೀಲಿಮಣೆ, ಪರದೆ, ಡಿಸ್ಕು ಎಲ್ಲ ಸರಿಯಿರುವ ಯಂತ್ರ ಇನ್ನೆಷ್ಟು ವರ್ಷ ದುಡಿಯಬೇಕೆಂದು ತೀರ್ಮಾನಿಸಬೇಕಾದವರು ದುಡ್ಡು ಕೊಟ್ಟು ಕೊಂಡವರೇ ಹೊರತು ಮಾರಿದವರಲ್ಲ. ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಪ್ಯಾಚುಗಳು ಬರುತ್ತವೆ. 4 ಜಿಬಿ ರ‍್ಯಾಮಿನಲ್ಲೂ ಅದು ಓಡುತ್ತದೆ.

ಇದೆಲ್ಲ ಬೆಂಗಳೂರಿನ ಎಂಜಿನಿಯರುಗಳ ಹವ್ಯಾಸ, ಊರಿನವರಿಗೆ ಒಗ್ಗುವುದಿಲ್ಲ ಎಂಬ ಮಾತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ನೋಡು. ಕೇರಳ ಸರ್ಕಾರ ಐಟಿ@ಸ್ಕೂಲ್ ಯೋಜನೆಯಡಿ ಸುಮಾರು ಎರಡು ದಶಕದ ಹಿಂದೆಯೇ ಶಾಲಾ ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಾಯಿಸಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಆ ಶಾಲೆಗಳ ಹೈಸ್ಕೂಲು ಮಕ್ಕಳು ಐಟಿ ಪಠ್ಯವನ್ನು ಕನ್ನಡದಲ್ಲೇ ಓದುತ್ತಾರೆ, ಪ್ರಾಯೋಗಿಕ ಪರೀಕ್ಷೆಯನ್ನು ಲಿನಕ್ಸಿನಲ್ಲೇ ಬರೆಯುತ್ತಾರೆ. ಅಡಿಕೆ ತೋಟದ ಮನೆಯ ಮಕ್ಕಳಿಗೆ ಒಗ್ಗಿದ್ದು ನಿಮ್ಮ ರೇಷ್ಮೆ ಸೀಮೆಯ ಮಕ್ಕಳಿಗೆ ಒಗ್ಗದೆ ಹೋಗಲು ಕಾರಣವೇ ಕಾಣೆ. ಒಂದು ವ್ಯತ್ಯಾಸ ಮಾತ್ರ ನಿಜ: ಅಲ್ಲಿ ಕಲಿಸಲು ಮೇಷ್ಟ್ರಿದ್ದರು, ನೀನು ನೀನಾಗೇ ಕಲಿಯಬೇಕು.

ಹೆಚ್ಚು ಗಟ್ಟಿಯಾದ ಆಕ್ಷೇಪಣೆ ಕನ್ನಡದ್ದು. ‘ನುಡಿ ಬರೋದಿಲ್ವಲ್ಲ’ ಎನ್ನುತ್ತಾರೆ. ನುಡಿ ತಂತ್ರಾಂಶ ವಿಂಡೋಸಿಗೆಂದೇ ಮಾಡಿದ್ದು, ಒಪ್ಪಿದೆ. ಆದರೆ ನಿನ್ನ ಬೆರಳಿಗೆ ರೂಢಿಯಾಗಿರುವುದು ನುಡಿಯಲ್ಲ, ಅದರೊಳಗಿನ ಕೀಲಿಮಣೆ ವಿನ್ಯಾಸ. ಅದು ಕೆ.ಪಿ. ರಾವ್ ಅವರು ರೂಪಿಸಿದ್ದು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂದು ಅದು ಮೊದಲಿನಿಂದಲೇ ಕೂತಿರುತ್ತದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಎ, ಕೆ, ಎಫ್, ಕೆ ಒತ್ತಿದರೆ ಇಲ್ಲೂ ‘ಅಕ್ಕ’ ಎಂದೇ ಮೂಡುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಮುಂತಾದ ಮುಕ್ತ ಫಾಂಟುಗಳೂ ಇವೆ.

ತೊಡಕು ಇರುವುದು ಹಳೇ ಕಡತಗಳಲ್ಲಿ. ಸಂಘದ ನಡಾವಳಿ, ಪಂಚಾಯ್ತಿಗೆ ಕೊಟ್ಟ ಅರ್ಜಿ, ಮದುವೆಯ ಕರೆಯೋಲೆ, ಇವನ್ನೆಲ್ಲ ವರ್ಷಗಟ್ಟಲೆ ನುಡಿಯ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದೇವೆ. ಆ ಫಾಂಟಿಲ್ಲದ ಕಡೆ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಹೀಗೆ ಕಲಸುಮೇಲೋಗರ ಕಾಣುತ್ತದೆ. ಕಾರಣ ಸರಳ: ಕಂಪ್ಯೂಟರ್ ಅಲ್ಲಿ ಉಳಿಸಿದ್ದು ಇಂಗ್ಲಿಷ್ ಸಂಕೇತಗಳನ್ನೇ, ಕನ್ನಡದ ವೇಷ ಹಾಕಿದ್ದು ಫಾಂಟು. ಇದಕ್ಕೆ ಲಿನಕ್ಸನ್ನು ಬೈಯುವುದು ನ್ಯಾಯವಲ್ಲ. ಆ ಕಡತವನ್ನು ಮೊಬೈಲಿಗೆ ಕಳಿಸಿದರೂ ಇದೇ ಪಾಡು, ಅದರೊಳಗಿನ ಕನ್ನಡ ಪದವನ್ನು ವಿಂಡೋಸಿನಲ್ಲೇ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿವೆ. ಹಾಗಾಗಿ ವಿಂಡೋಸ್ ಇದ್ದಾಗಲೇ ಮುಖ್ಯವಾದವನ್ನು ಬದಲಾಯಿಸಿಕೋ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪಬಹುದು, ಕೂತು ತಿದ್ದಬೇಕು. ಬೇಸರದ ಕೆಲಸ. ಲಿನಕ್ಸಿಗೆ ಹೋಗದಿದ್ದರೂ ಯಾವತ್ತಾದರೂ ಮಾಡಲೇಬೇಕಾದದ್ದು.

ಉಳಿದ ಆಕ್ಷೇಪಣೆಗಳೆಲ್ಲ ಒಂದೇ ತೂಕದವಲ್ಲ. ಪಹಣಿ ನೋಡುವುದು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು, ಬ್ಯಾಂಕು, ಯೂಟ್ಯೂಬು, ಎಲ್ಲ ನಡೆಯುವುದು ಬ್ರೌಸರಿನಲ್ಲಿ. ಫೈರ್‌ಫಾಕ್ಸಿಗೆ ಕೆಳಗೆ ಯಾವ ವ್ಯವಸ್ಥೆ ಇದ್ದರೇನು? ಕೆಲಸಕ್ಕೆ ಎಕ್ಸೆಲ್ ಕೇಳುತ್ತಾರಲ್ಲ ಎಂದರೆ, ಲಿನಕ್ಸಿನಲ್ಲಿ ಸಿಗುವ ಲಿಬ್ರೆಆಫೀಸಿನಲ್ಲಿ ಲೆಕ್ಕದ ಸೂತ್ರ ಕಲಿತವನಿಗೆ ಎಕ್ಸೆಲ್ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಆದರೆ ಅಪ್ಪ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿ ಇಟ್ಟಿದ್ದರೆ ಆ ಯಂತ್ರವನ್ನು ಮುಟ್ಟಬೇಡ; ಟ್ಯಾಲಿಗೆ ವಿಂಡೋಸೇ ಬೇಕು. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಮೊದಲು ವಿಚಾರಿಸಿಕೊಳ್ಳಬೇಕು. ಪ್ರಿಂಟರಿನ ವಿಷಯದಲ್ಲಿ ಎಚ್‌ಪಿಯ ಬಹುತೇಕ ಮಾದರಿಗಳು ತಕರಾರಿಲ್ಲದೆ ನಡೆಯುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತನ್ನದೇ ಡ್ರೈವರ್ ಕೇಳಿ ಸತಾಯಿಸುತ್ತದೆ. ಲಿನಕ್ಸ್ ಹಾಕಿದ ಕಂಪ್ಯೂಟರ್ ಕೆಟ್ಟರೆ ನಿಮ್ಮ ಹತ್ತಿರದ ಚನ್ನಪಟ್ಟಣದಲ್ಲಿ ರಿಪೇರಿ ಮಾಡುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಿಡಿಭಾಗ ಕೆಟ್ಟರೆ ಯಾರಾದರೂ ಸರಿಮಾಡಿಕೊಡುತ್ತಾರೆ; ವ್ಯವಸ್ಥೆ ಕೆಟ್ಟರೆ ನೀನೇ ಪೆನ್‌ಡ್ರೈವಿನಿಂದ ಮತ್ತೆ ಹಾಕಿಕೊಳ್ಳಬೇಕು.

ಅಳಿಸಿ ಹಾಕುವ ಆತುರವೂ ಬೇಡ ಕಣಪ್ಪ. 8 ಜಿಬಿಯ ಪೆನ್‌ಡ್ರೈವಿಗೆ ಮಿಂಟ್ ಬರೆದು ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಡಿಸ್ಕಿನ ತಂಟೆಗೇ ಹೋಗಬೇಕಿಲ್ಲ. ಸ್ವಲ್ಪ ನಿಧಾನ, ಸಹಿಸಿಕೋ. ವೈಫೈ, ಸದ್ದು, ಪ್ರಿಂಟರ್ ಮೂರನ್ನೂ ಆಗಲೇ ಪರೀಕ್ಷಿಸು. ಮೂರೂ ಸರಿಯಿದ್ದರೆ ಫೋಟೋ, ಅಂಕಪಟ್ಟಿ, ಬದಲಾಯಿಸಿದ ಕಡತ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ‘ಇನ್‌ಸ್ಟಾಲ್’ ಒತ್ತು.